ಐದನೆಯ ದಿನದ ರಕ್ತ

ಮಳೆ ಹಿಡಿದ ದಿನಗಳಲ್ಲಿ ಒಂದು ಮುಂಜಾನೆ ಕೋಳಿ ಸಾಕುವವನು ಗೂಡಿನ ಬಾಗಿಲು ತೆರೆಯುತ್ತಾನೆ. ನಾಲ್ಕು ವಾರದ ಮರಿಗಳು ರೆಕ್ಕೆ ಜೋಲುಬಿಟ್ಟು, ಪುಕ್ಕ ಕೆದರಿಕೊಂಡು, ಒಂದರ ಮೈಗೊಂದು ಆತು ನಿಂತಿವೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಅಲ್ಲಲ್ಲಿ ರಕ್ತ. ನಿನ್ನೆ ಸಂಜೆಯವರೆಗೂ ಕಾಳು ಹೆಕ್ಕುತ್ತಿದ್ದ ಮರಿಗಳಿಗೆ ಬೆಳಗಾಗುವುದರೊಳಗೆ ಏನಾಯಿತು? ಯಾರಾದರೂ ವಿಷವಿಕ್ಕಿದರೆ ಎಂಬ ಸಂಶಯವೂ ಹುಟ್ಟದೆ ಇರದು. ಆದರೆ ರೋಗ ಬಂದದ್ದು ನಿನ್ನೆಯಲ್ಲ, ಐದು ದಿನಗಳ ಹಿಂದೆ. ಇಷ್ಟು ದಿನ ಅದು ಸದ್ದಿಲ್ಲದೆ ದುಡಿಯುತ್ತಿತ್ತು.

ಈ ರಕ್ತಭೇದಿಗೆ ಪಶುವೈದ್ಯರು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ಇದಕ್ಕೆ ಕಾರಣ ಐಮೀರಿಯ ಎಂಬ ಏಕಕೋಶ ಜೀವಿ. ಈ ಕುಲದ ಪರಿಚಯ ಮನುಷ್ಯನಿಗೆ ಹಳೆಯದೇ. ಹಾಲೆಂಡಿನ ಲೇವನ್‌ಹುಕ್ 1674ರಲ್ಲಿಯೇ ಮೊಲದ ಪಿತ್ತರಸದಲ್ಲಿ ಇದರ ಬಂಧುವೊಂದನ್ನು ತನ್ನ ಮಸೂರದಡಿ ಕಂಡಿದ್ದನು. ಕೋಳಿಗಳನ್ನು ಕಾಡುವ ಪ್ರಭೇದಗಳು ಹಲವಿದ್ದು, ಅವುಗಳಲ್ಲಿ ರಕ್ತ ಹರಿಸುವುದಕ್ಕೆ ಹೆಸರಾದುದು ಐಮೀರಿಯ ಟೆನೆಲ್ಲ.

ರೋಗಪೀಡಿತ ಹಕ್ಕಿಯ ಹಿಕ್ಕೆಯೊಡನೆ ಹೊರಬೀಳುವ ಇದರ ಅಂಡಕೋಶ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ಕಿರಿದು. ಬಿದ್ದ ಕೂಡಲೆ ಅದು ನಿರಪಾಯ. ತೇವ, ಬೆಚ್ಚನೆಯ ಗಾಳಿ, ಒಂದೆರಡು ದಿನಗಳ ಕಾಲ, ಇಷ್ಟು ದೊರೆತರೆ ಅದರೊಳಗೆ ಎಂಟು ಬೀಜಾಣುಗಳು ಪಕ್ವವಾಗುತ್ತವೆ. ಕಾಳಿನೊಡನೆ ಅದನ್ನು ನುಂಗಿದ ಮರಿಯ ಸ್ನಾಯುಮಯ ಜಠರ, ಕಾಳನ್ನು ಅರೆಯುವಂತೆಯೇ, ಆ ಗಟ್ಟಿ ಹೊದಿಕೆಯನ್ನೂ ಒಡೆಯುತ್ತದೆ. ಪಿತ್ತರಸ ಮತ್ತು ಟ್ರಿಪ್ಸಿನ್ ಸೇರಿ ಬೀಜಾಣುಗಳನ್ನು ಬಿಡುಗಡೆ ಮಾಡುತ್ತವೆ. ಹಕ್ಕಿಯ ಜೀರ್ಣಶಕ್ತಿಯೇ ಶತ್ರುವಿಗೆ ಕೋಟೆಯ ಬಾಗಿಲು ತೆಗೆದಂತಾಯಿತು!

ಕೋಳಿಗೆ ಎರಡು ಕುರುಡುಕರುಳುಗಳುಂಟು. ಬೀಜಾಣುಗಳು ಸೇರುವುದು ಅಲ್ಲಿಗೆ. ಒಂದೊಂದರ ಮೊನೆಯಲ್ಲಿಯೂ ಕೋಶವನ್ನು ಹಿಡಿದು ಒಳಹೊಗಲು ಬೇಕಾದ ಸಲಕರಣೆ ಸಿದ್ಧವಾಗಿದೆ. ಆದರೆ ಅದು ಕೋಶದ ಪೊರೆಯನ್ನು ಹರಿದು ನುಗ್ಗುವುದಿಲ್ಲ. ಪೊರೆಯನ್ನೇ ಒಳಕ್ಕೆ ತಳ್ಳಿ, ಅದರಿಂದಲೇ ತನ್ನ ಸುತ್ತ ಒಂದು ಪುಟ್ಟ ಕೋಣೆಯನ್ನು ಕಟ್ಟಿಕೊಂಡು ನೆಲಸುತ್ತದೆ. ಮನೆಯ ಬಟ್ಟೆಯನ್ನೇ ಹೊದ್ದು ಕುಳಿತ ಕಳ್ಳನನ್ನು ಕೋಶವು ಹೊರಗಿನವನೆಂದು ಅರಗಿಸಿಹಾಕಲಾರದು. ಇನ್ನೂ ವಿಚಿತ್ರವೆಂದರೆ, ಮೇಲ್ಪದರದಿಂದ ಆಳದ ಗ್ರಂಥಿಗಳವರೆಗೆ ಬೀಜಾಣುಗಳನ್ನು ಹೊತ್ತೊಯ್ಯುವುದು ಹಕ್ಕಿಯ ರಕ್ಷಣೆಗೆಂದಿರುವ ಬಿಳಿಯ ಕಣಗಳೇ.

ಸೋಂಕು ತಗುಲಿದ ಜೀವಕೋಶ ಸಾಮಾನ್ಯವಾಗಿ ತಾನಾಗಿ ಸಾಯುತ್ತದೆ. ನೆರೆಯ ಕೋಶಗಳನ್ನು ಉಳಿಸುವುದಕ್ಕೆ ದೇಹ ಕಂಡುಕೊಂಡ ಉಪಾಯವದು. ಐಮೀರಿಯ ಈ ಆತ್ಮಾರ್ಪಣೆಯನ್ನು ತಡೆಯುತ್ತದೆ. ಕೋಶದ ಮರಣವನ್ನು ತಡೆಹಿಡಿಯುವ ಪ್ರೋಟೀನುಗಳು, ತನ್ನ ಸಂತಾನ ಬಲಿಯುವವರೆಗೂ, ಹೆಚ್ಚಾಗಿ ಹುಟ್ಟುವಂತೆ ಮಾಡುತ್ತದೆಂದು ಸಂಶೋಧಕರು ತೋರಿಸಿದ್ದಾರೆ. ಪರೋಪಜೀವಿ ಕೋಶವನ್ನು ಕೊಲ್ಲುತ್ತದೆಂದಷ್ಟೇ ಹೇಳಿದರೆ ಅರ್ಧ ಸತ್ಯ. ಕೊಲ್ಲುವ ಮುನ್ನ ಅದನ್ನು ಬಲವಂತವಾಗಿ ಬದುಕಿಸಿಕೊಳ್ಳುತ್ತದೆ.

ಮೂರನೆಯ ದಿನದ ಹೊತ್ತಿಗೆ ಮೊದಲ ತಲೆಮಾರು ಬಲಿತು, ಒಂದು ಕೋಶದಿಂದ ಸುಮಾರು 900 ಮರಿಜೀವಿಗಳು ಸಿಡಿದು ಹೊರಬರುತ್ತವೆ. ಮರಿ ಇನ್ನೂ ಮೇಯುತ್ತಲೇ ಇದೆ. ಎರಡನೆಯ ತಲೆಮಾರೇ ಘಾತುಕವಾದುದು. ಅದು ಹೊಕ್ಕ ಕೋಶಗಳು ಮಿತಿಮೀರಿ ಊದಿ, ತಮ್ಮ ಸಾಲನ್ನು ಬಿಟ್ಟು, ರಕ್ತನಾಳಗಳು ಹೆಣೆದುಕೊಂಡಿರುವ ಕೆಳಪದರಕ್ಕೆ ಇಳಿಯುತ್ತವೆ. ಅಲ್ಲಿ ಪ್ರತಿಯೊಂದರೊಳಗೂ ಇನ್ನೂರಕ್ಕೂ ಮಿಕ್ಕಿ ಜೀವಿಗಳು. ನುಂಗಿದ್ದು ಒಂದೇ ಅಂಡಕೋಶವಾದರೂ ಕಾಗದದ ಲೆಕ್ಕದಲ್ಲಿ ಹದಿನಾಲ್ಕು ಲಕ್ಷ ದಾಟುತ್ತದೆ. ಅದೃಷ್ಟವಶಾತ್ ಅಷ್ಟೂ ಬದುಕುವುದಿಲ್ಲ. ನಾಲ್ಕನೆಯ ದಿನ ಕಳೆದು ಐದನೆಯ ದಿನ ಈ ಕೋಶಗಳು ಒಟ್ಟೊಟ್ಟಿಗೆ ಒಡೆಯುತ್ತವೆ. ನಾಳಗಳು ಹರಿಯುತ್ತವೆ, ಕುರುಡುಕರುಳು ರಕ್ತದಿಂದ ಬಿಗಿದುಕೊಳ್ಳುತ್ತದೆ. ಬಾಗಿಲು ತೆರೆದವನು ಕಂಡದ್ದು ಆ ರಕ್ತವನ್ನು.

ಐಮೀರಿಯ ಅಸರ್ವುಲಿನ ಎಂಬ ಇನ್ನೊಂದು ಪ್ರಭೇದ ಸಣ್ಣ ಕರುಳಿನ ಮೊದಲ ಭಾಗದಲ್ಲಿಯೇ ನಿಂತು, ಆಹಾರ ಹೀರುವ ಎಳೆಗಳನ್ನು ಮೊಟಕುಗೊಳಿಸುತ್ತದೆ. ರಕ್ತವಿಲ್ಲ, ಗದ್ದಲವಿಲ್ಲ, ತಿಂದದ್ದು ಮೈಗೆ ಹತ್ತದು. ಸಾಕುವವನು ಮೇವಿನ ಅಂಗಡಿಯವನನ್ನು ಬೈದುಕೊಳ್ಳುತ್ತಾನೆ.

ರಕ್ತ ಕಂಡ ಮೇಲೆ ನೀರಿನಲ್ಲಿ ಆಂಪ್ರೋಲಿಯಂ ಬೆರೆಸಿ ಕೊಡುವುದುಂಟು. ಅದರ ರಚನೆ ಬಿ-1 ಜೀವಸತ್ವವನ್ನು ಹೋಲುವುದರಿಂದ ಪರೋಪಜೀವಿ ಮೋಸಹೋಗುತ್ತದೆ. ಆದರೆ ಒಡೆದ ಕೋಶವನ್ನು ಯಾವ ಔಷಧಿಯೂ ಕೂಡಿಸಲಾರದು. ಆ ಕೆಲಸ ಗ್ರಂಥಿಗಳ ತಳದಲ್ಲಿ ಉಳಿದ ಎಳೆಯ ಕೋಶಗಳದು. ಅವೂ ನಾಶವಾಗಿದ್ದರೆ ಗುಣವಾಗುವುದು ನಿಧಾನ.

ಐಮೀರಿಯದ ತಲೆಮಾರುಗಳಿಗೆ ಎಣಿಕೆಯುಂಟು. ಕೆಲವೇ ತಲೆಮಾರುಗಳ ಬಳಿಕ ಗಂಡು ಹೆಣ್ಣು ರೂಪಗಳು ಕೂಡಿ, ಏಳನೆಯ ದಿನದ ಸುಮಾರಿಗೆ ಹೊಸ ಅಂಡಕೋಶಗಳು ಹಿಕ್ಕೆಯಲ್ಲಿ ಹೊರಬಿದ್ದರೆ ಅದರ ಆಟ ಮುಗಿಯಿತು. ಕೆಲವೇ ಅಂಡಕೋಶಗಳನ್ನು ನುಂಗಿದ ಮರಿ ಅಷ್ಟಿಷ್ಟು ನರಳಿ ಚೇತರಿಸಿಕೊಳ್ಳುತ್ತದೆ, ಆ ಪ್ರಭೇದದ ವಿರುದ್ಧ ರಕ್ಷಣೆಯನ್ನೂ ಗಳಿಸುತ್ತದೆ. ಅಮೆರಿಕದಲ್ಲಿ 1952ರಲ್ಲಿ ಬಳಕೆಗೆ ಬಂದ ಜೀವಂತ ಲಸಿಕೆಯ ತತ್ತ್ವವೂ ಇದೇ. ಸಾವಿರಗಟ್ಟಲೆ ನುಂಗಿದ ಮರಿಗೆ ಆ ಅವಕಾಶವಿಲ್ಲ. ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗದ ಈ ಅಂಡಕೋಶ ಒಣಗಿದರೆ ಸಾಯುತ್ತದೆ. ಆದಕಾರಣ ಅನುಭವಸ್ಥರು ಗೂಡು ಹೊಕ್ಕವರೇ ಮೊದಲು ಮರಿಗಳನ್ನು ನೋಡುವುದಿಲ್ಲ. ನೀರಿನ ಪಾತ್ರೆಯ ಸುತ್ತಲಿನ ಹೊಟ್ಟನ್ನು ಹಿಡಿಯಲ್ಲಿ ತೆಗೆದುಕೊಂಡು ಹಿಂಡಿ ನೋಡುತ್ತಾರೆ. ಮುದ್ದೆಗಟ್ಟಿದರೆ ಅಂದೇ ಬದಲಾಯಿಸುತ್ತಾರೆ.