ಹಾಸಿಗೆ ಲೆಕ್ಕಕ್ಕೆ ಸಿಗದ ಶಾಲಾ ದಾದಿ: ಒಂಟಿ ಕೆಲಸಕ್ಕೆ ಸಂಘದ ಆಸರೆ

ಆಸ್ಪತ್ರೆಯಲ್ಲಿ ದುಡಿಯುವ ದಾದಿಗೆ ಸಂದೇಹ ಬಂದರೆ ಕೇಳಲು ಪಕ್ಕದಲ್ಲಿಯೇ ಹಿರಿಯ ಸಿಸ್ಟರ್ ಇರುತ್ತಾರೆ. ಕರೆದರೆ ಡ್ಯೂಟಿ ಡಾಕ್ಟರ್ ಬರುತ್ತಾರೆ. ಶಾಲೆಯ ದಾದಿಗೆ ಈ ಎರಡೂ ಅನುಕೂಲಗಳಿಲ್ಲ. ಅವರಿಗಿರುವುದು ಒಂದು ಕೋಣೆ, ಒಂದು ಮಂಚ, ಔಷಧದ ಪೆಟ್ಟಿಗೆ, ತೂಕದ ಯಂತ್ರ, ಒಂದು ರಿಜಿಸ್ಟರ್ ಮತ್ತು ನೂರಾರು ಮಕ್ಕಳು. ಬೆಳಗಿನ ಪ್ರಾರ್ಥನೆಯ ವೇಳೆ ತಲೆಸುತ್ತಿ ಬಿದ್ದ ಹುಡುಗಿ, ಆಟದ ಪಿರಿಯಡ್ಡಿನಲ್ಲಿ ಕೈ ಮುರಿದುಕೊಂಡ ಹುಡುಗ, ಊಟಕ್ಕೆ ಮುನ್ನ ಇನ್ಸುಲಿನ್ ತೆಗೆದುಕೊಳ್ಳಲೇಬೇಕಾದ ಏಳನೆಯ ತರಗತಿಯ ಬಾಲಕ, ಗಣಿತ ಪರೀಕ್ಷೆಯ ದಿನವೇ ಹೊಟ್ಟೆನೋವೆಂದು ಬರುವ ಇನ್ನೊಬ್ಬ... ಇವರಲ್ಲಿ ಯಾರನ್ನು ತರಗತಿಗೆ ಮರಳಿ ಕಳುಹಿಸಬೇಕು, ಯಾರನ್ನು ಮನೆಗೆ, ಯಾರನ್ನು ಆಸ್ಪತ್ರೆಗೆ ಎಂಬುದನ್ನು ಅವರೊಬ್ಬರೇ ತೀರ್ಮಾನಿಸಬೇಕು. ಅದೂ ಕೆಲವೇ ನಿಮಿಷಗಳಲ್ಲಿ.

ಇಡೀ ಕಟ್ಟಡದಲ್ಲಿ ತಮ್ಮ ವೃತ್ತಿಯವರು ತಾವೊಬ್ಬರೇ ಎಂಬ ಈ ಸ್ಥಿತಿಯೇ ಶಾಲಾ ದಾದಿಯರ ಬಹುತೇಕ ಸಮಸ್ಯೆಗಳ ಮೂಲವೆನ್ನಬಹುದು. ಪಾಠ ಹೇಳದಿರುವುದರಿಂದ ಅವರು ಶಿಕ್ಷಕರ ಸಾಲಿಗೆ ಸೇರುವುದಿಲ್ಲ. ವಾರ್ಡ್ ಇಲ್ಲದಿರುವುದರಿಂದ ಆಸ್ಪತ್ರೆಯವರ ಸಾಲಿಗೂ ಸೇರುವುದಿಲ್ಲ.

ಇದು ಬರಿಯ ಮಾತಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರಿಗೆ ದೊರೆಯುತ್ತಿದ್ದ ಅಲ್ಪ ವೇತನವನ್ನು ಪ್ರಶ್ನಿಸಿ ಭಾರತೀಯ ತರಬೇತಾದ ದಾದಿಯರ ಸಂಘ, ಅಂದರೆ ಟಿಎನ್‌ಎಐ, 2011ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪರಿಣತರ ಸಮಿತಿಯೊಂದನ್ನು ರಚಿಸುವಂತೆ ನ್ಯಾಯಾಲಯ 2016ರ ಜನವರಿ 29ರಂದು ಕೇಂದ್ರಕ್ಕೆ ಸೂಚಿಸಿತು. ಅದರಂತೆ ರಚನೆಯಾದ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕೂ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರಿ ದಾದಿಯರಿಗೆ ಸಮನಾದ ವೇತನವಿರಬೇಕು, 100ಕ್ಕಿಂತ ಹೆಚ್ಚಿದ್ದಲ್ಲಿ ಅದು ಸರ್ಕಾರಿ ವೇತನಕ್ಕಿಂತ ಶೇ.10ಕ್ಕೂ, 50ರಿಂದ 100 ಇದ್ದಲ್ಲಿ ಶೇ.25ಕ್ಕೂ ಮೀರಿ ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು.

ಒಂದು ಸಂಘ ನ್ಯಾಯಾಲಯಕ್ಕೆ ಹೋಗಿದ್ದರಿಂದಲೇ ಲಕ್ಷಾಂತರ ದಾದಿಯರ ವೇತನಕ್ಕೆ ಲಿಖಿತವಾದೊಂದು ಅಳತೆಗೋಲು ದೊರೆಯಿತು. ರಾಜ್ಯಗಳು ಅದನ್ನು ಎಷ್ಟರಮಟ್ಟಿಗೆ ಪಾಲಿಸಿದವು ಎಂಬುದು ಬೇರೆಯೇ ಕಥೆ. ಇಲ್ಲಿ ಗಮನಿಸಬೇಕಾದುದು ಆ ಅಳತೆಗೋಲಿನ ಏಕಮಾನವನ್ನು. ಅದು ಹಾಸಿಗೆ! ಶಾಲೆಯ ಆರೋಗ್ಯ ಕೋಣೆಯಲ್ಲಿರುವುದು ಒಂದೋ ಎರಡೋ ಮಂಚ. ಅದೇ ನೋಂದಣಿ, ಅದೇ ವಿದ್ಯಾರ್ಹತೆಯ ದಾದಿ ಶಾಲೆಯಲ್ಲಿ ದುಡಿದರೆ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಅರ್ಜಿ ಹೂಡಿದ್ದು ಆಸ್ಪತ್ರೆಗಳ ವಿಷಯಕ್ಕೆ ಸಂಬಂಧಿಸಿ. ಆದ್ದರಿಂದ ಸಮಿತಿಯನ್ನಾಗಲೀ ಸಂಘವನ್ನಾಗಲೀ ದೂರುವಂತಿಲ್ಲ. ಮಾತನಾಡಿದವರ ಸಮಸ್ಯೆ ಕಡತಕ್ಕೆ ಸೇರಿತು, ಅಷ್ಟೆ.

ನ್ಯೂಯಾರ್ಕಿನ ನಾಲ್ಕು ಶಾಲೆಗಳು

ಶಾಲಾ ದಾದಿಯರೇ ತಮಗಾಗಿ ಸಂಘ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದತ್ತ ನೋಡಬೇಕು. ಅಲ್ಲಿ ಈ ವೃತ್ತಿಯ ಆರಂಭವೇ ಒಂದು ಪ್ರಯೋಗದಿಂದ ಆಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕ್ ನಗರದ ವೈದ್ಯರು ಶಾಲೆಗಳಿಗೆ ಭೇಟಿ ನೀಡಿ ಟ್ರಕೋಮಾ ಎಂಬ ಕಣ್ಣುಬೇನೆ, ಹುಳುಕಡ್ಡಿ, ಹೇನು ಇದ್ದ ಮಕ್ಕಳನ್ನು ಗುರುತಿಸಿ ಮನೆಗೆ ಕಳುಹಿಸುತ್ತಿದ್ದರು. ಕಳುಹಿಸಿದ ಮೇಲೆ ಚಿಕಿತ್ಸೆ ಕೊಡುವವರು ಯಾರು? ಯಾರೂ ಇರಲಿಲ್ಲ. ಬಡ ವಲಸಿಗರ ಆ ಮಕ್ಕಳು ಬೀದಿಯಲ್ಲಿ ಆಡಿಕೊಂಡು, ಸೋಂಕನ್ನು ಇತರರಿಗೂ ಹಂಚುತ್ತಿದ್ದರು. ತರಗತಿಗಳು ಬರಿದಾಗುತ್ತಿದ್ದವು.

ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಸೇವಾ ಸಂಸ್ಥೆಯ ಲಿಲಿಯನ್ ವಾಲ್ಡ್ ಅವರು ತಮ್ಮ ದಾದಿಯೊಬ್ಬರನ್ನು ಒಂದು ತಿಂಗಳ ಮಟ್ಟಿಗೆ ಶಾಲೆಗಳಿಗೆ ಕೊಡಲು ಮುಂದಾದರು. ಹೀಗೆ 1902ರ ಅಕ್ಟೋಬರ್ 1ರಂದು ಲೀನಾ ರೋಜರ್ಸ್ ಅವರು ನಾಲ್ಕು ಶಾಲೆಗಳ ಸುಮಾರು 10,000 ಮಕ್ಕಳ ಹೊಣೆ ಹೊತ್ತರು. ಸಣ್ಣಪುಟ್ಟ ಸೋಂಕಿಗೆ ಶಾಲೆಯಲ್ಲಿಯೇ ಔಷಧ ಹಚ್ಚಿದರು, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿವಳಿಕೆ ಹೇಳಿದರು. ಪ್ರಯೋಗ ಫಲಿಸಿ ಇನ್ನಷ್ಟು ದಾದಿಯರ ನೇಮಕವಾಯಿತು. 1902ರ ಸೆಪ್ಟೆಂಬರಿನಲ್ಲಿ ರೋಗದ ಕಾರಣ ಶಾಲೆಯಿಂದ ಹೊರಗುಳಿದ ಮಕ್ಕಳ ಸಂಖ್ಯೆ 10,567 ಇತ್ತು. ಮರುವರ್ಷದ ಅದೇ ತಿಂಗಳಲ್ಲಿ ಅದು 1,101ಕ್ಕೆ ಇಳಿಯಿತು. ನಗರಾಡಳಿತವನ್ನು ಒಪ್ಪಿಸಿದ್ದು ಭಾಷಣವಲ್ಲ, ಈ ಎರಡು ಅಂಕಿಗಳು.

ಆದರೆ ವೃತ್ತಿ ಬೆಳೆದಷ್ಟು ಬೇಗ ಸಂಘ ಬೆಳೆಯಲಿಲ್ಲ. ಅಮೆರಿಕದ ಶಿಕ್ಷಕರ ಬೃಹತ್ ಸಂಘಟನೆಯಾದ ರಾಷ್ಟ್ರೀಯ ಶಿಕ್ಷಣ ಸಂಘವು ತನ್ನೊಳಗೆ ಶಾಲಾ ದಾದಿಯರ ವಿಭಾಗವನ್ನು ತೆರೆದದ್ದು 1968ರಲ್ಲಿ. ಅದರಿಂದ ಹೊರಬಂದು ರಾಷ್ಟ್ರೀಯ ಶಾಲಾ ದಾದಿಯರ ಸಂಘ, ಅಂದರೆ ಎನ್‌ಎಎಸ್‌ಎನ್, ಸ್ವತಂತ್ರವಾಗಿ ನೆಲೆಗೊಂಡದ್ದು 1979ರಲ್ಲಿ. ಲೀನಾ ರೋಜರ್ಸ್ ಕೆಲಸ ಆರಂಭಿಸಿದ ಮುಕ್ಕಾಲು ಶತಮಾನದ ನಂತರ!

ಈ ಸಂಘದ ರಚನೆ ಗಮನಾರ್ಹವಾದುದು. ಸಾಮಾನ್ಯವಾಗಿ ದಾದಿಯೊಬ್ಬರು ತಮ್ಮ ರಾಜ್ಯದ ಶಾಖೆಗೂ ರಾಷ್ಟ್ರೀಯ ಸಂಘಕ್ಕೂ ಒಟ್ಟಿಗೆ ಸದಸ್ಯರಾಗುತ್ತಾರೆ. ರಾಜ್ಯ ಶಾಖೆಯ ಪ್ರತಿನಿಧಿ ರಾಷ್ಟ್ರೀಯ ನಿರ್ದೇಶಕ ಮಂಡಳಿಯಲ್ಲಿ ಕೂರುತ್ತಾರೆ. ಹಾಗಾಗಿ ಹಳ್ಳಿಯ ಶಾಲೆಯೊಂದರ ತೊಂದರೆ ರಾಜ್ಯ ಶಾಖೆಯ ಮೂಲಕ ರಾಜಧಾನಿ ತಲುಪುವುದಕ್ಕೆ ದಾರಿಯಿದೆ. ಶಾಲಾ ದಾದಿಯ ಕೆಲಸದ ವ್ಯಾಪ್ತಿ ಮತ್ತು ಮಾನದಂಡಗಳನ್ನು ಹೇಳುವ ಗ್ರಂಥವನ್ನು ಈ ಸಂಘ ಅಮೆರಿಕನ್ ದಾದಿಯರ ಸಂಘದ ಜೊತೆಗೂಡಿ ಪ್ರಕಟಿಸುತ್ತದೆ. ಅದರ ನಾಲ್ಕನೆಯ ಆವೃತ್ತಿ 2022ರಲ್ಲಿ ಹೊರಬಂದಿದೆ. ಪ್ರಾಂಶುಪಾಲರು 'ಇದೂ ನಿಮ್ಮ ಕೆಲಸವೇ' ಎಂದಾಗ 'ಅಲ್ಲ' ಎನ್ನಲು, ಅಥವಾ 'ಇದು ನಿಮ್ಮ ಕೆಲಸವಲ್ಲ' ಎಂದಾಗ 'ಹೌದು' ಎನ್ನಲು ಒಂಟಿ ದಾದಿಯ ಕೈಯಲ್ಲಿ ಒಂದು ಪುಸ್ತಕವಿರುವುದು ಸಣ್ಣ ಸಂಗತಿಯಲ್ಲ.

ಸಂಘಬಲದ ಇನ್ನೊಂದು ಫಲ ಅಲರ್ಜಿಗೆ ಸಂಬಂಧಿಸಿದ್ದು. ಕಡಲೆಕಾಯಿ ತಿಂದೋ ಕಣಜ ಕಚ್ಚಿಯೋ ಕೆಲವು ಮಕ್ಕಳಿಗೆ ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ. ಆಗ ಎಪಿನೆಫ್ರಿನ್ ಚುಚ್ಚುಮದ್ದು ತಕ್ಷಣ ದೊರೆಯಬೇಕು. ಆದರೆ ಔಷಧವನ್ನು ನಿರ್ದಿಷ್ಟ ಮಗುವಿನ ಹೆಸರಿಗೆ ವೈದ್ಯರು ಬರೆದುಕೊಟ್ಟಿರಬೇಕೆಂಬ ನಿಯಮವಿದ್ದರೆ, ಮೊದಲ ಬಾರಿ ಅಲರ್ಜಿಗೆ ತುತ್ತಾದ ಮಗುವಿನ ಗತಿಯೇನು? ಯಾವ ಮಗುವಿಗಾದರೂ ಬಳಸಬಹುದಾದ ದಾಸ್ತಾನನ್ನು ಶಾಲೆಯಲ್ಲಿ ಇಡಲು ರಾಜ್ಯಗಳನ್ನು ಉತ್ತೇಜಿಸುವ ಕಾಯ್ದೆಗೆ ಅಧ್ಯಕ್ಷ ಬರಾಕ್ ಒಬಾಮ 2013ರ ನವೆಂಬರ್ 13ರಂದು ಅಂಕಿತ ಹಾಕಿದರು. ಅದರ ಪರವಾಗಿ ದನಿಯೆತ್ತಿದವರಲ್ಲಿ ಶಾಲಾ ದಾದಿಯರ ಸಂಘವೂ ಇತ್ತು.

ಎಲ್ಲವೂ ಗೆದ್ದ ಕಥೆಯೇ ಅಲ್ಲ. 750 ಮಕ್ಕಳಿಗೆ ಒಬ್ಬ ದಾದಿ ಎಂಬ ಅನುಪಾತವನ್ನು ಸಂಘ ಬಹುಕಾಲ ಹೇಳುತ್ತಾ ಬಂತು. ಮಕ್ಕಳ ತಲೆಯೆಣಿಕೆಗಿಂತ ಅವರ ಆರೋಗ್ಯದ ಅಗತ್ಯವೇ ಮುಖ್ಯವೆಂದು ನಂತರ ಆ ನಿಲುವನ್ನು ಬದಲಿಸಿಕೊಂಡಿತು. 2018ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಪೂರ್ಣಾವಧಿ ದಾದಿಯಿದ್ದುದು ಸುಮಾರು ಶೇ.40ರಷ್ಟು ಅಮೆರಿಕನ್ ಶಾಲೆಗಳಲ್ಲಿ ಮಾತ್ರ. ನಾಲ್ಕರಲ್ಲೊಂದು ಶಾಲೆಯಲ್ಲಿ ದಾದಿಯೇ ಇರಲಿಲ್ಲ. ಕೋವಿಡ್ ನಂತರ ಪರಿಸ್ಥಿತಿ ಸುಧಾರಿಸಿದೆ.

ಎಣಿಸಿದವರ ಮಾತು

2009ರ ಏಪ್ರಿಲ್ 23ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಸೇಂಟ್ ಫ್ರಾನ್ಸಿಸ್ ಪ್ರಿಪರೇಟರಿ ಶಾಲೆಯ ದಾದಿ ಮೇರಿ ಪಾಪಾಸ್ ಅವರ ಕೋಣೆಯ ಮುಂದೆ ಜ್ವರ, ಗಂಟಲುನೋವು ಎಂದು ಮಕ್ಕಳ ಸಾಲು ಬೆಳೆಯತೊಡಗಿತು. ಇದು ಎಂದಿನ ನೆಗಡಿಯಲ್ಲ ಎಂದು ಗ್ರಹಿಸಿದ ಅವರು ನಗರದ ಆರೋಗ್ಯ ಇಲಾಖೆಗೆ ಕರೆ ಮಾಡಿದರು. ಎಚ್1ಎನ್1 ಹಂದಿಜ್ವರ ನ್ಯೂಯಾರ್ಕನ್ನು ಹೊಕ್ಕಿರುವುದು ಬೆಳಕಿಗೆ ಬಂದದ್ದು ಹಾಗೆ. ಪ್ರಯೋಗಾಲಯದ ವರದಿಗಿಂತ ಮೊದಲು ಸುಳಿವು ಕೊಟ್ಟದ್ದು, ಎಂದಿನ ದಿನ ಎಷ್ಟು ಮಕ್ಕಳು ಬರುತ್ತಾರೆಂದು ಬಲ್ಲ ಒಬ್ಬ ದಾದಿಯ ಅಂದಾಜು.

ಎನ್‌ಎಎಸ್‌ಎನ್ ತನ್ನ ಸದಸ್ಯರಿಂದ ಕೇಳುವುದೂ ಇಂಥ ಎಣಿಕೆಯನ್ನೇ. ಶಾಲೆಯಲ್ಲಿ ಅಸ್ತಮಾ, ಮಧುಮೇಹ, ಮೂರ್ಛೆರೋಗ, ತೀವ್ರ ಅಲರ್ಜಿ ಇರುವ ಮಕ್ಕಳೆಷ್ಟು? ದಾದಿಯನ್ನು ಕಂಡವರಲ್ಲಿ ತರಗತಿಗೆ ಮರಳಿದವರೆಷ್ಟು, ಮನೆಗೆ ಹೋದವರೆಷ್ಟು, ಆಂಬುಲೆನ್ಸ್ ಹತ್ತಿದವರೆಷ್ಟು? ಹೀಗೆ ಪ್ರತಿ ರಾಜ್ಯದಿಂದ ಬಂದ ಅಂಕಿಗಳನ್ನು ಕೂಡಿಸಿದಾಗ, ದಾದಿಯಿದ್ದರೆ ಶಾಲೆಗೇನು ಲಾಭ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗುತ್ತದೆ.

ನಮ್ಮ ಸಂಗತಿ

ಕರ್ನಾಟಕದಲ್ಲಿ ಶಾಲಾ ದಾದಿಯರು ಇಲ್ಲವೆಂದಲ್ಲ, ಚದುರಿಹೋಗಿದ್ದಾರೆ. ನವೋದಯ ವಿದ್ಯಾಲಯಗಳಲ್ಲಿ ಸ್ಟಾಫ್ ನರ್ಸ್ ಹುದ್ದೆಯಿದೆ. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆಯ ಮೇಲೆ ನೇಮಿಸಿಕೊಳ್ಳುತ್ತವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂಥಲ್ಲಿ ಮಕ್ಕಳು ಅಲ್ಲಿಯೇ ಉಳಿಯುವುದರಿಂದ ದಾದಿಯ ಕೆಲಸ ಸಂಜೆಗೆ ಮುಗಿಯುವುದಿಲ್ಲ. ನಡುರಾತ್ರಿಯ ಜ್ವರ, ಒಬ್ಬರಿಂದೊಬ್ಬರಿಗೆ ಹಬ್ಬುವ ಕಜ್ಜಿ ಎಲ್ಲವೂ ಅವರ ಪಾಲಿಗೇ. ಬೆಂಗಳೂರು, ಮಂಗಳೂರು, ಮೈಸೂರಿನ ದೊಡ್ಡ ಖಾಸಗಿ ಶಾಲೆಗಳಲ್ಲಿಯೂ ಮಕ್ಕಳು 'ಸಿಸ್ಟರ್' ಎಂದು ಕರೆಯುವ ಒಬ್ಬರು ಇರುತ್ತಾರೆ. ಇನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕರ ಜೊತೆ ಒಬ್ಬ ದಾದಿ ಇರಬೇಕು. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಭೇಟಿ ನೀಡಬೇಕೆಂಬುದು ಯೋಜನೆಯ ಕ್ರಮ. ವರ್ಷದ ಉಳಿದ ದಿನಗಳಲ್ಲಿ? 2020ರ ಫೆಬ್ರವರಿಯಲ್ಲಿ ಕೇಂದ್ರ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮ ಆ ಹೊಣೆಯನ್ನು ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ವಹಿಸಿದೆ. ಶಿಕ್ಷಕರ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಇನ್ಸುಲಿನ್ ಪ್ರಮಾಣ ನೋಡುವುದು ಶಿಕ್ಷಕರ ವಿದ್ಯೆಯಲ್ಲ.

ಈ ಚದುರಿದವರೆಲ್ಲ ಸೇರಲು ತಕ್ಷಣಕ್ಕೆ ದೊರೆಯುವ ವೇದಿಕೆ ಟಿಎನ್‌ಎಐ. 1905ರಲ್ಲಿ ಲಖನೌದಲ್ಲಿ ಶುಶ್ರೂಷಾ ಅಧೀಕ್ಷಕಿಯರು ಕಟ್ಟಿದ ಸಂಘ ಹಾಗೂ 1908ರಲ್ಲಿ ರೂಪುಗೊಂಡ ಟಿಎನ್‌ಎಐ 1922ರಲ್ಲಿ ಒಂದಾದವು. ಕೇಂದ್ರ ಕಚೇರಿ ದೆಹಲಿಯಲ್ಲಿದ್ದು, ಕರ್ನಾಟಕದಲ್ಲಿ ರಾಜ್ಯ ಶಾಖೆಯಿದೆ. 1910ರಿಂದ 'ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ' ಎಂಬ ಪತ್ರಿಕೆಯನ್ನು ಪ್ರಕಟಿಸುತ್ತಾ ಬಂದಿದೆ. ಎರಡು ವರ್ಷಕ್ಕೊಮ್ಮೆ ರಾಷ್ಟ್ರೀಯ ಸಮ್ಮೇಳನ ನಡೆಯುತ್ತದೆ. ವಿದ್ಯಾರ್ಥಿಗಳಿಗೆ 1929ರಿಂದಲೂ ಪ್ರತ್ಯೇಕ ಘಟಕವಿದೆ. ಕಾಲೇಜಿನ ದಿನಗಳಲ್ಲಿ ಅದರ ಸ್ಪರ್ಧೆಗಳಲ್ಲಿ ಹಾಡಿ ಕುಣಿದವರು ಕೆಲಸ ಸಿಕ್ಕ ಮೇಲೆ ಸಂಘವನ್ನು ಮರೆಯುವುದೇ ಹೆಚ್ಚು.

ಸದಸ್ಯತ್ವ ಪಡೆದು ರಸೀದಿಯನ್ನು ಬೀರುವಿನಲ್ಲಿಟ್ಟರೆ ಏನೂ ಆಗದು. ಶಾಖೆಯ ಸಭೆಗೆ ಹೋಗಬೇಕು. ಅಲ್ಲಿ ಆಸ್ಪತ್ರೆಯವರದೇ ಬಹುಮತವಿರುತ್ತದೆ, ಚರ್ಚೆಯೂ ಅವರದೇ ಪಾಳಿ, ಬಡ್ತಿ, ವಾರ್ಡುಗಳ ಸುತ್ತ ಸುತ್ತುತ್ತದೆ. ಬೇಸರಪಟ್ಟುಕೊಂಡು ಎರಡನೆಯ ಸಭೆಗೆ ಹೋಗದಿರುವುದೇ ಹೆಚ್ಚಿನವರು ಮಾಡುವ ತಪ್ಪು. ಮೊದಲ ಸಭೆಯಲ್ಲಿಯೇ ಇನ್ನೊಬ್ಬ ಶಾಲಾ ದಾದಿ ಸಿಕ್ಕರೆ ಅದೇ ಲಾಭ. ಐದಾರು ಮಂದಿ ಸೇರಿದರೆ ಮುಂದಿನ ಕಾರ್ಯಾಗಾರದಲ್ಲಿ ಶಾಲಾ ಆರೋಗ್ಯಕ್ಕೆ ಒಂದು ಗೋಷ್ಠಿ ಬೇಕೆಂದು ಲಿಖಿತವಾಗಿ ಕೇಳಬಹುದು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾರ್ಗಸೂಚಿಯಂತೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ 150 ಗಂಟೆಗಳ ಮುಂದುವರಿದ ಶಿಕ್ಷಣ ಬೇಕು. ಆಸ್ಪತ್ರೆಯವರಿಗೆ ಅದು ಕೆಲಸದ ಸ್ಥಳದಲ್ಲಿಯೇ ದೊರೆಯಬಹುದು, ಶಾಲೆಯವರು ಹುಡುಕಿಕೊಂಡು ಹೋಗಬೇಕು. ಸಂಘದ ಕಾರ್ಯಾಗಾರಗಳು ಇಲ್ಲಿ ನೇರವಾಗಿ ನೆರವಿಗೆ ಬರುತ್ತವೆ.

ಶಾಲಾ ಆಡಳಿತ ಮಂಡಳಿಗಳಿಗೆ 'ಸಂಘ' ಎಂಬ ಪದ ಕೇಳಿದೊಡನೆ ಮುಷ್ಕರದ ನೆನಪಾಗುವುದುಂಟು. ವೃತ್ತಿ ಸಂಘವೂ ಕಾರ್ಮಿಕ ಸಂಘಟನೆಯೂ ಒಂದೇ ಅಲ್ಲ. ಮೊದಲನೆಯದರ ಮುಖ್ಯ ಕೆಲಸ ಮಾನದಂಡ, ತರಬೇತಿ, ಪ್ರಕಟಣೆ ಮತ್ತು ಸರ್ಕಾರದೆದುರು ವೃತ್ತಿಯ ಪ್ರಾತಿನಿಧ್ಯ; ಎರಡನೆಯದರದು ವೇತನದ ಚೌಕಾಸಿ. ಸುಪ್ರೀಂ ಕೋರ್ಟಿನ ಪ್ರಕರಣ ತೋರಿಸುವಂತೆ ಗಡಿ ಅಷ್ಟು ಗಟ್ಟಿಯಾದುದಲ್ಲ, ನಿಜ. ಆದರೂ ಬಿಡುವಿಲ್ಲದ ತಮ್ಮ ದಾದಿಯನ್ನು ವರ್ಷಕ್ಕೆ ಎರಡು ದಿನ ಕಾರ್ಯಾಗಾರಕ್ಕೆ ಕಳುಹಿಸಿದ ಶಾಲೆ ಕಳೆದುಕೊಳ್ಳುವುದೇನೂ ಇಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವು ಟೈಪ್-1 ಮಧುಮೇಹವಿರುವ ಮಕ್ಕಳಿಗೆ ಶಾಲೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ, ಇನ್ಸುಲಿನ್, ನಡುವೆ ತಿಂಡಿಗೆ ಅವಕಾಶ ನೀಡಬೇಕೆಂದು 2023ರಲ್ಲಿ ಹೇಳಿದೆ. ಅದನ್ನು ತರಗತಿಯ ಮಟ್ಟದಲ್ಲಿ ಜಾರಿಗೊಳಿಸುವುದು ಹೇಗೆಂದು ತಿಳಿದು ಬರುವವರು ದಾದಿಯೇ ತಾನೆ?

ಇದೇ ವರ್ಷ, ಅಂದರೆ 2023ರಲ್ಲಿ, 1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಗೆ ಸಂಸತ್ತು ಒಪ್ಪಿಗೆ ನೀಡಿತು. ಶಿಕ್ಷಣ ಮತ್ತು ಸೇವೆಯ ಮಾನದಂಡಗಳನ್ನು ಹೊಸದಾಗಿ ಬರೆಯಲು ಈ ಕಾಯ್ದೆ ಅವಕಾಶ ನೀಡುತ್ತದೆ. ಈ ಬಾರಿಯೂ ಅಳತೆಗೋಲು ಹಾಸಿಗೆಯೇ ಆಗಬಾರದೆಂದರೆ ಶಾಲೆಗಳ ಅಂಕಿಗಳು ಸಂಘದ ಕೈಯಲ್ಲಿರಬೇಕು.

ಆರಂಭಕ್ಕೆ ಬೇಕಾದುದು ಹೆಚ್ಚೇನಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪ್ರಮಾಣಪತ್ರದೊಂದಿಗೆ ಟಿಎನ್‌ಎಐ ರಾಜ್ಯ ಶಾಖೆಯನ್ನು ಸಂಪರ್ಕಿಸಿದರೆ ಸದಸ್ಯತ್ವದ ಕ್ರಮ ತಿಳಿಯುತ್ತದೆ. ಅದಕ್ಕೂ ಮುನ್ನ, ಜೂನ್ ತಿಂಗಳ ಹೊಸ ರಿಜಿಸ್ಟರ್‌ನಲ್ಲಿ ಮಗುವಿನ ಹೆಸರು ಮತ್ತು ದೂರಿನ ಪಕ್ಕ ಇನ್ನೊಂದು ಗೆರೆ ಎಳೆದು, ಮಗು ಎಲ್ಲಿಗೆ ಹೋಯಿತು ಎಂಬ ಅಂಕಣವೊಂದನ್ನು ಸೇರಿಸಿಕೊಳ್ಳಬೇಕು: ತರಗತಿ, ಮನೆ, ಆಸ್ಪತ್ರೆ. ತಿಂಗಳ ಕೊನೆಯಲ್ಲಿ ಮೂರನ್ನೂ ಕೂಡಿಸಲು ಹತ್ತು ನಿಮಿಷ ಸಾಕು.