ಪುಟಾಣಿ ರೈಲಿನ ಹರಟೆಕಟ್ಟೆ

ಆಟಿಕೆ ರೈಲು ಎಂದೊಡನೆ ನಮಗೆ ನೆನಪಾಗುವುದು ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ಗರಗರ ಸುತ್ತುವ ತಗಡಿನ ಬಂಡಿ. ನಾಲ್ಕು ದಿನ ಓಡಿ ಐದನೆಯ ದಿನ ಅಟ್ಟ ಸೇರುವ ಸಾಮಾನು ಅದು. ಆದರೆ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ತಲೆ ನರೆತವರೂ ರೈಲಿನ ಮಾದರಿ ಕಟ್ಟುವುದನ್ನು ಬದುಕಿನುದ್ದಕ್ಕೂ ಹವ್ಯಾಸವಾಗಿ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ಹೆಚ್ಚು ಬಳಕೆಯಲ್ಲಿರುವ 'ಎಚ್‌ಓ' ಎಂಬ ಅಳತೆಯಲ್ಲಿ ಎಲ್ಲವೂ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವಿನ ಅಂತರ ಬರೀ 16.5 ಮಿಲಿಮೀಟರ್. ಹಳಿಯ ಪಕ್ಕದಲ್ಲಿ ಊರು, ಗುಡ್ಡ, ಸುರಂಗ, ಸೇತುವೆ, ಸಿಗ್ನಲ್ ಕಂಬ ಎಲ್ಲವೂ ಉಂಟು.

ಇಂಥ ಒಂದು ಊರನ್ನು ಒಬ್ಬರೇ ಕಟ್ಟುವುದು ಕಷ್ಟ. ಒಬ್ಬರಿಗೆ ಬಡಗಿ ಕೆಲಸ ಬಂದರೆ ಇನ್ನೊಬ್ಬರಿಗೆ ಬಣ್ಣದ ಕೆಲಸ, ಮತ್ತೊಬ್ಬರಿಗೆ ವೈರಿಂಗ್ ಬರುತ್ತದೆ. ಹಾಗಾಗಿ ಕ್ಲಬ್ಬುಗಳು ಹುಟ್ಟಿಕೊಂಡವು. ಕ್ಲಬ್ಬು ಎಂದ ಮೇಲೆ ಹರಟೆ ಇದ್ದೇ ಇದೆ. ತಿರುವಿನಲ್ಲಿ ಡಬ್ಬಿ ಏಕೆ ಹಳಿ ತಪ್ಪುತ್ತಿದೆ? ಸೇತುವೆಗೆ ಬಳಿದ ತುಕ್ಕಿನ ಬಣ್ಣ ಕೊಂಚ ಕೆಂಪಾಗಲಿಲ್ಲವೇ? ಆ ಕಾಲದ ಎಂಜಿನ್ನಿಗೆ ಅಂಥ ದೀಪ ಇತ್ತೇ? ಎಲ್ಲದರಲ್ಲೂ ತಪ್ಪು ಹುಡುಕುವವರಿಗೆ 'ರಿವೆಟ್ ಎಣಿಸುವವರು' ಎಂದು ಅಡ್ಡಹೆಸರು. ಎಂಜಿನ್ನಿನ ಮೈಮೇಲಿನ ಮೊಳೆಗಳನ್ನೂ ಎಣಿಸಿ ಒಂದು ಕಡಿಮೆ ಎಂದು ಹೇಳುವವರು ಎಂದರ್ಥ!

ಇದೆಲ್ಲ ಕಾಲಹರಣ ಎಂದು ಹೇಳಿಬಿಡುವುದು ಸುಲಭ. ಆದರೆ ಇಂಥದೇ ಒಂದು ಕ್ಲಬ್ಬಿನ ಕಥೆಯನ್ನು ಕೇಳಿದರೆ, ಹವ್ಯಾಸ ಎಂದರೆ ಅಂಕ ಕಳೆಯುವ ಕೆಲಸ ಎಂದು ನಂಬಿರುವ ತಂದೆತಾಯಿಯರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಇಪ್ಪತ್ತನೇ ನಂಬರ್ ಕಟ್ಟಡ

ಅಮೆರಿಕದ ಕೇಂಬ್ರಿಜ್ ನಗರದಲ್ಲಿರುವ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯ ಹೆಸರನ್ನು ಕೇಳದ ಎಂಜಿನಿಯರಿಂಗ್ ವಿದ್ಯಾರ್ಥಿ ಇರಲಾರ. ಅಲ್ಲಿಯ ವಿದ್ಯಾರ್ಥಿಗಳು 1946ರಲ್ಲಿ 'ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್' ಎಂಬ ಸಂಘವನ್ನು ಕಟ್ಟಿಕೊಂಡರು. ಅದಕ್ಕೆ ಸಿಕ್ಕ ಜಾಗ ಇಪ್ಪತ್ತನೇ ನಂಬರ್ ಕಟ್ಟಡದ ಒಂದು ಕೋಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ರೇಡಾರ್ ಸಂಶೋಧನೆಗಾಗಿ ಅವಸರದಲ್ಲಿ ಎಬ್ಬಿಸಿದ ಮರದ ಕಟ್ಟಡ ಅದು. ಯುದ್ಧ ಮುಗಿದ ಮೇಲೆ ಕೆಡವಬೇಕೆಂದು ಕಟ್ಟಿದ್ದು 1998ರವರೆಗೂ ನಿಂತಿತ್ತು. ತಾತ್ಕಾಲಿಕ ಕಟ್ಟಡವಾದ್ದರಿಂದ ಗೋಡೆಗೆ ತೂತು ಕೊರೆದರೂ, ತಂತಿ ಎಳೆದರೂ ಕೇಳುವವರಿರಲಿಲ್ಲ. ಹುಡುಗರಿಗೆ ಇನ್ನೇನು ಬೇಕು?

ಕೋಣೆಯ ತುಂಬ ಒಂದು ದೊಡ್ಡ ಮೇಜು, ಅದರ ಮೇಲೆ ರೈಲುಮಾರ್ಗ. ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಕೋಣೆಯ ಬೀಗದ ಕೈ ಬೇಕೆಂದರೆ ರೈಲುಮಾರ್ಗಕ್ಕಾಗಿ 40 ಗಂಟೆ ದುಡಿದಿರಬೇಕು. ಯಾರ ಮಗ, ಎಷ್ಟು ಅಂಕ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಬೀಗದ ಕೈ ಸಿಕ್ಕಿತೆಂದರೆ ಹಗಲಾಗಲಿ, ನಡುರಾತ್ರಿಯಾಗಲಿ, ಬಂದು ಕೆಲಸ ಮಾಡಬಹುದು.

ಮೇಜಿನ ಮೇಲೆ, ಮೇಜಿನ ಕೆಳಗೆ

ಕ್ಲಬ್ಬಿನಲ್ಲಿ ಎರಡು ಬಗೆಯ ಜನ ಇದ್ದರು. ಮೊದಲನೆಯವರಿಗೆ ಪ್ರೀತಿ ಮೇಜಿನ ಮೇಲಿನದು. ಅವರು ಡಬ್ಬಿಗಳಿಗೆ ಬಣ್ಣ ಬಳಿಯುವರು, ಗುಡ್ಡ ಕಟ್ಟುವರು, ರೈಲ್ವೆ ಪತ್ರಿಕೆಗಳನ್ನು ಓದುವರು, ಮುಚ್ಚಿಹೋಗಲಿರುವ ಹಳೆಯ ಮಾರ್ಗಗಳಲ್ಲಿ ಪ್ರವಾಸ ಹೊರಡುವರು. ಎರಡನೆಯವರ ಪ್ರೀತಿಯೆಲ್ಲ ಮೇಜಿನ ಕೆಳಗಿನ ತಂತಿಗಳ ಕಾಡಿನ ಮೇಲೆ. ಇವರ ಗುಂಪಿಗೆ 'ಸಿಗ್ನಲ್ ಮತ್ತು ವಿದ್ಯುತ್ ಉಪಸಮಿತಿ' ಎಂದು ಹೆಸರು.

ಈ ಎರಡನೆಯವರಿಗೆ ಅಷ್ಟೊಂದು ಕೆಲಸ ಏಕಿತ್ತು? ಆ ಕಾಲದ ಮಾದರಿ ರೈಲಿಗೆ ವಿದ್ಯುತ್ತು ಹಳಿಯ ಮೂಲಕವೇ ಹರಿಯುತ್ತಿತ್ತು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡಕ್ಕೂ ಒಂದೇ ವಿದ್ಯುತ್ತು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವಂತಿಲ್ಲ. ಇದಕ್ಕೆ ಪರಿಹಾರವೆಂದರೆ ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿ ಪ್ರತಿ ತುಂಡಿಗೂ ಬೇರೆ ತಂತಿ ಕೊಡುವುದು. ಬಂಡಿ ಒಂದು ತುಂಡಿನಿಂದ ಮುಂದಿನದಕ್ಕೆ ದಾಟುವಾಗ ಅದನ್ನು ಓಡಿಸುವವನ ಹಿಡಿತವೂ ಜೊತೆಗೇ ದಾಟಬೇಕು. ಹಲವು ಬಂಡಿ, ಹಲವು ಚಾಲಕರು, ಹತ್ತಾರು ತುಂಡು ಹಳಿ. ಯಾವ ತುಂಡು ಈಗ ಯಾರ ವಶದಲ್ಲಿದೆ ಎಂಬ ಲೆಕ್ಕವನ್ನು ಯಂತ್ರವೇ ಇಡಬೇಕು.

ಹುಡುಗರು ಈ ಯಂತ್ರವನ್ನು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಂದ ಕಟ್ಟಿದರು. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಕಾಲೇಜುಗಳಿಗೆ ಬಿಡಿಭಾಗಗಳನ್ನು ದಾನ ಕೊಡುತ್ತಿತ್ತು. ಎಂಐಟಿಯ ಟೆಲಿಫೋನ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಪ್ರಾಧ್ಯಾಪಕರೇ ಕ್ಲಬ್ಬಿನ ಸಲಹೆಗಾರರೂ ಆಗಿದ್ದರು. ರಿಲೇ ಎಂದರೆ ಹೆಚ್ಚೇನಲ್ಲ, ಹೈಸ್ಕೂಲಿನಲ್ಲಿ ಓದುವ ವಿದ್ಯುತ್ಕಾಂತವೇ. ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹರಿದರೆ ಕಬ್ಬಿಣ ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಎಳೆಯುತ್ತದೆ; ಆಗ ಇನ್ನೊಂದು ಮಂಡಲದ ಸ್ವಿಚ್ ಮುಚ್ಚುತ್ತದೆ. ಒಂದು ಸ್ವಿಚ್ ಇನ್ನೊಂದನ್ನು, ಅದು ಮತ್ತೊಂದನ್ನು ಒತ್ತುವಂತೆ ಜೋಡಿಸುತ್ತ ಹೋದರೆ 'ಇದು ಹೀಗಿದ್ದು ಅದು ಹಾಗಿದ್ದರೆ ಮಾತ್ರ ಇದನ್ನು ಮಾಡು' ಎಂಬ ತರ್ಕವನ್ನೇ ತಂತಿಯಲ್ಲಿ ಬರೆದಂತಾಯಿತು. ಟೆಲಿಫೋನಿನ ಡಯಲ್ ತಿರುಗಿಸಿದರೆ ಬೇಕಾದ ಹಳಿಯ ತುಂಡು ಕೈವಶವಾಗುತ್ತಿತ್ತು. ಕಂಪ್ಯೂಟರಿನ ಒಳಗೆ ನಡೆಯುವುದೂ ಇದೇ ತರ್ಕ. ಹುಡುಗರಿಗೆ ಅದು ಪುಸ್ತಕದಿಂದಲ್ಲ, ರೈಲಿನಿಂದ ಬಂತು.

ಈ ಕೆಲಸ ಮೌನವಾಗಿ ನಡೆಯುವಂಥದಲ್ಲ. ಮೇಜಿನ ಕೆಳಗೆ ಒಬ್ಬ ಅಂಗಾತ ಮಲಗಿ ತಂತಿ ಬೆಸೆಯುತ್ತಿದ್ದರೆ ಮೇಲಿನಿಂದ ಇನ್ನೊಬ್ಬ ಬಂಡಿ ಓಡಿಸಿ ಕೂಗಿ ಹೇಳಬೇಕು. ನಿನ್ನೆ ಒಬ್ಬ ಬೆಸೆದದ್ದು ಇಂದು ಇನ್ನೊಬ್ಬನಿಗೆ ಅರ್ಥವಾಗಬೇಕು. ಹನ್ನೆರಡು ರಿಲೇಗಳ ಕೆಲಸವನ್ನು ಎಂಟರಲ್ಲಿ ಮಾಡಬಹುದೆಂದು ಮೂರನೆಯವನು ವಾದಿಸುತ್ತಾನೆ. ರಾತ್ರಿ ಹಸಿವಾದರೆ ಎಲ್ಲರೂ ಸೇರಿ ಚೀನೀ ಹೋಟೆಲಿಗೆ ಹೋಗುತ್ತಿದ್ದರು. ವಾದ ಅಲ್ಲಿಯೂ ಮುಂದುವರಿಯುತ್ತಿತ್ತು.

ಹರಟೆಯೇ ನಿಘಂಟಾದಾಗ

ಒಂದೇ ಕಡೆ ಕೂಡುವವರ ನಡುವೆ ಒಂದು ಗುಟ್ಟಿನ ಮಾತು ಬೆಳೆಯುವುದು ಸಹಜ. ನಮ್ಮ ಹಾಸ್ಟೆಲುಗಳಲ್ಲಿ ಇಂಥ ಎಷ್ಟು ಪದಗಳಿಲ್ಲ! ಆ ಕ್ಲಬ್ಬಿನಲ್ಲೂ ಹಾಗೇ ಆಯಿತು. ಕೆಲಸ ಮಾಡದ ಉಪಕರಣ 'ಸೋಲುತ್ತಿದೆ' ಎನ್ನುವರು. ಕೆಟ್ಟುಹೋದದ್ದು 'ಮಂಗ್', ಕಸ 'ಕ್ರಫ್ಟ್'. ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ 1959ರಲ್ಲಿ ಈ ಪದಗಳನ್ನೆಲ್ಲ ಸೇರಿಸಿ ಕ್ಲಬ್ಬಿನದೇ ಒಂದು ನಿಘಂಟು ಬರೆದ.

ಅದರಲ್ಲಿದ್ದ ಒಂದು ಪದ ಇಂದು ಲೋಕಕ್ಕೆಲ್ಲ ಗೊತ್ತು. ಅದೇ 'ಹ್ಯಾಕ್'. ಈಗ ಹ್ಯಾಕ್ ಎಂದರೆ ಬ್ಯಾಂಕಿನ ಖಾತೆಗೆ ಕನ್ನ ಹಾಕುವುದು ಎಂದೇ ಜನ ತಿಳಿಯುತ್ತಾರೆ. ಆ ನಿಘಂಟು ಅದಕ್ಕೆ ಕೊಟ್ಟ ಅರ್ಥ ಬೇರೆ, ಅದೂ ತಮಾಷೆಯದು: ಯಾವ ಘನ ಉದ್ದೇಶವೂ ಇಲ್ಲದೆ ಕೈಗೊಂಡ ಕೆಲಸ. ತಮಗೆ ಮನೆಯಲ್ಲಿ ಬೀಳುತ್ತಿದ್ದ ಬೈಗುಳವನ್ನೇ ಹುಡುಗರು ಬಿರುದು ಮಾಡಿಕೊಂಡಂತಿದೆ! ಕ್ಲಬ್ಬಿನಲ್ಲಿ ಅಚ್ಚುಕಟ್ಟಾದ, ಯಾರಿಗೂ ಹೊಳೆಯದ ಉಪಾಯಕ್ಕೆ 'ಒಳ್ಳೆಯ ಹ್ಯಾಕ್' ಎಂಬ ಮೆಚ್ಚುಗೆ ಸಿಗುತ್ತಿತ್ತು. ಕಂಪ್ಯೂಟರ್ ಪಾಠದ ಉದಾಹರಣೆಗಳಲ್ಲಿ ಬರುವ 'ಫೂ' ಎಂಬ ಅರ್ಥವಿಲ್ಲದ ಹೆಸರೂ ಆ ನಿಘಂಟಿನಲ್ಲಿತ್ತು. ಅದು ಮೂಲತಃ ಹಳೆಯ ಕಾಮಿಕ್ಸಿನ ಪದ. ಬಂಡಿಗಳು ಡಿಕ್ಕಿ ಹೊಡೆಯುವಂತಾದಾಗ ವಿದ್ಯುತ್ತನ್ನೆಲ್ಲ ನಿಲ್ಲಿಸುವ ಒಂದು ತುರ್ತು ಗುಂಡಿ ಕೋಣೆಯಲ್ಲಿತ್ತು. ಅದನ್ನು ಒತ್ತಿದರೆ ಗೋಡೆಯ ಗಡಿಯಾರ ಸಮಯ ತೋರಿಸುವುದನ್ನು ಬಿಟ್ಟು 'ಫೂ' ಎಂದು ತೋರಿಸುತ್ತಿತ್ತು!

ರೈಲಿನಿಂದ ರಾಕೆಟ್ಟಿಗೆ

ಆಗ ಕಂಪ್ಯೂಟರ್ ಎಂದರೆ ಸಾಮಾನ್ಯ ವಿದ್ಯಾರ್ಥಿಗೆ ಮುಟ್ಟಲಾಗದ ವಸ್ತು. ಎಂಐಟಿಯಲ್ಲಿದ್ದ ಐಬಿಎಂ 704 ಯಂತ್ರಕ್ಕೆ ಕೆಲಸ ಕೊಡಬೇಕಾದರೆ ರಂಧ್ರ ಕೊರೆದ ಕಾರ್ಡುಗಳನ್ನು ಸಿಬ್ಬಂದಿಯ ಕೈಗೆ ಕೊಟ್ಟು ಉತ್ತರಕ್ಕಾಗಿ ಕಾಯಬೇಕಿತ್ತು. 1958ರಲ್ಲಿ ಟಿಎಕ್ಸ್-0 ಎಂಬ ಟ್ರಾನ್ಸಿಸ್ಟರ್ ಕಂಪ್ಯೂಟರ್ ಎಂಐಟಿಗೆ ಎರವಲಾಗಿ ಬಂತು. ಅದರ ಮುಂದೆ ಸ್ವತಃ ಕುಳಿತು ಕೆಲಸ ಮಾಡಬಹುದಿತ್ತು. ರೈಲು ಕ್ಲಬ್ಬಿನ ಹಳೆಯ ಸದಸ್ಯ ಜ್ಯಾಕ್ ಡೆನ್ನಿಸ್ ಆ ಹೊತ್ತಿಗೆ ಅಲ್ಲಿ ಅಧ್ಯಾಪಕರ ಸಾಲಿಗೆ ಸೇರಿದ್ದರು. ತಮ್ಮ ಕ್ಲಬ್ಬಿನ ಹುಡುಗರು ಅದನ್ನು ಬಳಸಲು ಅವರು ಅನುಕೂಲ ಮಾಡಿಕೊಟ್ಟರು. ಮೇಜಿನ ಕೆಳಗಿದ್ದವರು ನಡುರಾತ್ರಿಯ ಹೊತ್ತಿನಲ್ಲಿ ಟಿಎಕ್ಸ್-0 ಮುಂದೆ ಕುಳಿತರು. ರಿಲೇಗಳೊಡನೆ ಪಳಗಿದವರಿಗೆ ಅದರ ಭಾಷೆ ಹೊಸದೆನಿಸಲಿಲ್ಲ. ಸ್ಯಾಮ್ಸನ್ ಅದರಿಂದ ಬಾಖ್‌ನ ಸಂಗೀತ ನುಡಿಸಿದ. ಅಲನ್ ಕೋಟಾಕ್ ಮತ್ತು ಅವನ ಸಹಪಾಠಿಗಳು ಪ್ರಾಧ್ಯಾಪಕ ಜಾನ್ ಮೆಕಾರ್ಥಿಯವರ ಮಾರ್ಗದರ್ಶನದಲ್ಲಿ ಐಬಿಎಂ ಯಂತ್ರಕ್ಕೆ ಚದುರಂಗ ಕಲಿಸಿದರು.

1961ರಲ್ಲಿ ಪಿಡಿಪಿ-1 ಎಂಬ ಇನ್ನೊಂದು ಯಂತ್ರ ಬಂತು. ಅದಕ್ಕೊಂದು ದುಂಡನೆಯ ಪರದೆಯಿತ್ತು. ಈ ಬಳಗದ ಸ್ಟೀವ್ ರಸೆಲ್‌ಗೆ ಅದರ ಮೇಲೆ ಎರಡು ರಾಕೆಟ್ಟುಗಳ ಕಾಳಗ ತೋರಿಸಬೇಕೆಂಬ ಆಸೆ. ಮಾತಿನಲ್ಲಿ ಬಹಳ ದಿನ ಕಳೆಯಿತು. ಸೈನ್, ಕೊಸೈನ್ ಲೆಕ್ಕ ಹಾಕುವ ಪ್ರೋಗ್ರಾಂ ತನ್ನ ಬಳಿ ಇಲ್ಲವೆಂದು ರಸೆಲ್ ನೆಪ ಹೇಳಿದ. ಕೋಟಾಕ್ ಕಂಪ್ಯೂಟರ್ ತಯಾರಿಸಿದ ಕಂಪನಿಯಿಂದ ಅದನ್ನೇ ತಂದು ಅವನ ಕೈಗಿಟ್ಟು, ಇನ್ನು ಯಾವ ನೆಪ ಹೇಳುತ್ತೀಯೆಂದು ಕೇಳಿದ! 1962ರಲ್ಲಿ 'ಸ್ಪೇಸ್‌ವಾರ್' ಸಿದ್ಧವಾಯಿತು. ಕಂಪ್ಯೂಟರ್ ಆಟಗಳ ಚರಿತ್ರೆಯಲ್ಲಿ ಅದು ಮೊದಲ ಸಾಲಿನ ಹೆಸರು. ರಸೆಲ್ ಒಬ್ಬನೇ ಅದನ್ನು ಪೂರ್ತಿ ಮಾಡಲಿಲ್ಲ. ಸ್ಯಾಮ್ಸನ್ ಹಿನ್ನೆಲೆಗೆ ನಿಜವಾದ ನಕ್ಷತ್ರಗಳ ನಕ್ಷೆ ಜೋಡಿಸಿದ. ಡ್ಯಾನ್ ಎಡ್ವರ್ಡ್ಸ್ ನಡುವಿನ ನಕ್ಷತ್ರಕ್ಕೆ ಗುರುತ್ವಾಕರ್ಷಣೆ ಕೊಟ್ಟ.

ಆಟವಾಡಲು ಯಂತ್ರದ ಮೇಲಿನ ಸ್ವಿಚ್ಚುಗಳನ್ನೇ ಒತ್ತಬೇಕಿತ್ತು. ಮೊಣಕೈ ನೋಯುತ್ತಿತ್ತು. ಕೋಟಾಕ್ ಮತ್ತು ಬಾಬ್ ಸಾಂಡರ್ಸ್ ನೇರ ರೈಲು ಕ್ಲಬ್ಬಿನ ಕೋಣೆಗೆ ಹೋದರು. ಅಲ್ಲಿ ಬಿದ್ದಿದ್ದ ಹಲಗೆ, ಸ್ವಿಚ್ಚು, ತಂತಿಗಳನ್ನು ಹೆಕ್ಕಿ ಕೈಯಲ್ಲಿ ಹಿಡಿದು ಆಡುವ ಪೆಟ್ಟಿಗೆಗಳನ್ನು ಮಾಡಿದರು. ಇಂದು ನಮ್ಮ ಮಕ್ಕಳು ವಿಡಿಯೋ ಆಟಕ್ಕೆ ಹಿಡಿಯುವ ಸಾಧನದ ಹಿರಿಯಜ್ಜ ಹುಟ್ಟಿದ್ದು ಹೀಗೆ, ಪುಟಾಣಿ ರೈಲಿನ ಗುಜರಿಯಲ್ಲಿ.

ಆಟವನ್ನು ಅವರು ಮಾರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. ಕ್ಲಬ್ಬಿನ ಮೇಜಿನಲ್ಲಿ ಒಬ್ಬನ ತಂತಿಯನ್ನು ಇನ್ನೊಬ್ಬ ತಿದ್ದುತ್ತಿದ್ದ ಹಾಗೆಯೇ ಒಬ್ಬನ ಪ್ರೋಗ್ರಾಮನ್ನು ಇನ್ನೊಬ್ಬ ತಿದ್ದಿ ಬೆಳೆಸುವುದು ಅವರ ರೂಢಿಯಾಗಿತ್ತು.

ಎಲ್ಲವೂ ಸರಿಯಿತ್ತೇ?

ಇಷ್ಟು ಓದಿ, ಹಾಗಾದರೆ ಪಾಠ ಬಿಟ್ಟು ಆಟವಾಡಬಹುದು ಎಂದು ವಿದ್ಯಾರ್ಥಿ ಮಿತ್ರರು ಕುಣಿಯುವುದು ಬೇಡ. ಇದೇ ಕ್ಲಬ್ಬಿನ ರಿಚರ್ಡ್ ಗ್ರೀನ್‌ಬ್ಲಾಟ್ ಎಂಬ ಪ್ರತಿಭಾವಂತ ಕಂಪ್ಯೂಟರಿನಲ್ಲಿ ಮುಳುಗಿಹೋಗಿ ಪದವಿಯನ್ನು ಪೂರೈಸಲಿಲ್ಲ. ಮುಂದೆ 1960ರ ದಶಕದಲ್ಲಿ ಅವನ ಚದುರಂಗದ ಪ್ರೋಗ್ರಾಂ ಮನುಷ್ಯರ ಪಂದ್ಯಾವಳಿಗಳಲ್ಲಿ ಆಡಿ ಹೆಸರು ಮಾಡಿತು ನಿಜ. ಆದರೆ ಪದವಿ ಕಳೆದುಕೊಂಡವರೆಲ್ಲ ಗ್ರೀನ್‌ಬ್ಲಾಟ್ ಆಗುವುದಿಲ್ಲ. ಕೋಟಾಕ್‌ನದು ಬೇರೆ ದಾರಿ. ಅವನು ಚದುರಂಗದ ಕೆಲಸವನ್ನೇ ಪದವಿಯ ಪ್ರಬಂಧವಾಗಿ ಬರೆದ. ಮುಂದೆ ಪಿಡಿಪಿ-10 ಎಂಬ ಪ್ರಸಿದ್ಧ ಕಂಪ್ಯೂಟರಿನ ಮುಖ್ಯ ವಿನ್ಯಾಸಕಾರನಾದ. ಹವ್ಯಾಸವೂ ಪಾಠವೂ ಒಂದೇ ಕೈಯಲ್ಲಿ ಇರಬಹುದೆಂಬುದಕ್ಕೆ ಅವನೇ ಉದಾಹರಣೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಆ ಕಾಲದ ಆ ಕೋಣೆಯಲ್ಲಿ ಹುಡುಗಿಯರು ಹೆಚ್ಚುಕಡಿಮೆ ಇರಲೇ ಇಲ್ಲ. ಬೀಗದ ಕೈಗೆ ದುಡಿಮೆಯೊಂದೇ ಅರ್ಹತೆ ಎಂದ ಕ್ಲಬ್ಬಿನ ಬಾಗಿಲವರೆಗೆ ಅವರು ಬರುವಂಥ ವಾತಾವರಣ ಅಂದಿನ ಮನೆ, ಶಾಲೆಗಳಲ್ಲಿ ಇರಲಿಲ್ಲ. ತಂತಿ, ಸ್ಕ್ರೂಡ್ರೈವರು ಮಗನಿಗೆ, ಅಡುಗೆಯಾಟ ಮಗಳಿಗೆ ಎಂದು ಹಂಚುವ ಮನೆಗಳು ನಮ್ಮಲ್ಲಿ ಈಗಲೂ ಉಂಟು.

ನಮ್ಮ ಮನೆಯ ಮೇಜು

ಇಪ್ಪತ್ತನೇ ನಂಬರ್ ಕಟ್ಟಡ ಉರುಳಿದರೂ ಕ್ಲಬ್ಬು ಉಳಿಯಿತು. ಬೇರೆ ಕಟ್ಟಡಕ್ಕೆ ಹೋಗಿ ಹೊಸ ರೈಲುಮಾರ್ಗ ಕಟ್ಟಿತು. ಅದರಲ್ಲಿ ಎಂಐಟಿಯ ಒಂದು ಎತ್ತರದ ಕಟ್ಟಡದ ಮಾದರಿ ಇದೆ. ಅದರ ಕಿಟಕಿಗಳಲ್ಲಿ ದೀಪಗಳನ್ನು ಹೊತ್ತಿಸಿ ಆರಿಸುತ್ತ ಟೆಟ್ರಿಸ್ ಆಟ ಆಡಬಹುದು! ಹಳೆಯ ಹುಡುಗಾಟ ಇನ್ನೂ ಹೋಗಿಲ್ಲ.

ಅಂಥ ಕ್ಲಬ್ಬು ಎಲ್ಲ ಊರಿನಲ್ಲೂ ಇರುವುದಿಲ್ಲ, ಮಾದರಿ ರೈಲಿನ ಬೆಲೆಯೂ ಕಡಿಮೆಯಲ್ಲ. ನೋಡುವ ಆಸೆಯಿದ್ದರೆ ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲು ಸಂಗ್ರಹಾಲಯ ಇದೆ. ನಿಜವಾದ ಹಳೆಯ ಎಂಜಿನ್ನುಗಳನ್ನು ಮುಟ್ಟಿ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಆದರೆ ಈ ಕಥೆಯಲ್ಲಿ ಕಲಿಸಿದ್ದು ರೈಲೊಂದೇ ಅಲ್ಲ. ನಾಲ್ಕು ಜನ ಸೇರುವ ಒಂದು ಜಾಗ, ಕೆಟ್ಟರೂ ಬೈಗುಳ ಬೀಳದ ಒಂದಿಷ್ಟು ಹಳೆಯ ಸಾಮಾನು, ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಿಲ್ಲದ ಗೆಳೆತನ, ಇವು ಕಲಿಸಿದವು. ಕೆಟ್ಟ ರೇಡಿಯೋ, ಸೈಕಲ್ಲು, ಗಾಳಿಪಟ, ಕೈತೋಟ ಯಾವುದಾದರೂ ಆದೀತು. ಒಬ್ಬನೇ ಕುಳಿತು ಮಾಡಿದರೆ ಅರ್ಧ ಕಲಿಕೆ. ಇನ್ನೊಬ್ಬನಿಗೆ ವಿವರಿಸಿ, ಅವನ ವಾದ ಕೇಳಿ, ತಪ್ಪು ತಿದ್ದಿಕೊಂಡಾಗ ಉಳಿದರ್ಧ.

ಪರೀಕ್ಷೆ ಮುಗಿದು ರಜೆ ಬಂದಾಗ ಅನೇಕ ಮನೆಗಳಲ್ಲಿ ಸ್ವಚ್ಛತೆಯ ಕೆಲಸ ಶುರುವಾಗುತ್ತದೆ. ಮಂಚದ ಕೆಳಗೆ ತಂತಿ, ಮೋಟಾರು, ಹಳೆಯ ಸ್ವಿಚ್ಚು ತುಂಬಿದ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕರೆ ಅದನ್ನು ಹಳೇ ಸಾಮಾನಿನವನ ತಕ್ಕಡಿಗೆ ಹಾಕುವ ಮೊದಲು ಅದು ಏತಕ್ಕೆಂದು ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ ನೋಡಿ. ಉತ್ತರ ಉದ್ದವಾಗಿದ್ದರೆ ಬೇಸರಿಸದೆ ಕುಳಿತು ಕೇಳಿ.