ಜಲಜನಕವನ್ನು ಹಿಡಿದಿಡುವುದು ಹೇಗೆ?

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನೀವು ಒಂದು ಕಿಲೋ ಸಕ್ಕರೆ ಕೊಂಡರೆ ಕೈಚೀಲ ಸಾಕು. ಒಂದು ಕಿಲೋ ಜಲಜನಕ ಅನಿಲಕ್ಕೆ, ಸಾಧಾರಣ ಒತ್ತಡದಲ್ಲಿ, ಸುಮಾರು 12,000 ಲೀಟರ್ ಜಾಗ ಬೇಕು. ಉರಿದರೆ ಹೊಗೆಯಿಲ್ಲ, ಬರುವುದು ನೀರಾವಿ. ಆದರೆ ವಾಹನದಲ್ಲಿ ಇಡುವುದೆಲ್ಲಿ? ಇಂದಿನ ಜಲಜನಕ ಕಾರುಗಳು 700 ಬಾರ್ ಒತ್ತಡದ ಸಿಲಿಂಡರುಗಳನ್ನು ಹೊತ್ತು ಓಡುತ್ತವೆ. ದ್ರವವಾಗಿಸಬೇಕಾದರೆ ಮೈನಸ್ 253 ಡಿಗ್ರಿಗೆ ತಣಿಸಬೇಕು.

ಇಂಗಾಲದ ನ್ಯಾನೊ ಕೊಳವೆಗಳು ತಮ್ಮ ತೂಕದ ಶೇ. 5ರಿಂದ 10ರಷ್ಟು ಜಲಜನಕವನ್ನು ಹೀರಬಲ್ಲವು ಎಂಬ ವರದಿ 1997ರಲ್ಲಿ ಅಮೆರಿಕದಿಂದ ಬಂದಾಗ ಆಸೆ ಚಿಗುರಿತು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ ಎಚ್ಚರಿಕೆಯಿಂದ ಅಳೆದು 2003ರಲ್ಲಿ ಪ್ರಕಟಿಸಿದ ಗರಿಷ್ಠ ಅಂಕಿ ಶೇ. 3.75, ಅದೂ 143 ಬಾರ್ ಒತ್ತಡದಲ್ಲಿ. ಇಂಥ ಅಳತೆಯಲ್ಲಿ ಮೋಸಹೋಗುವುದು ಬಲು ಸುಲಭ, ಆದ್ದರಿಂದ ಈ ಅಂಕಿಗೆ ಬೆಲೆಯಿದೆ. ಮೇಲ್ಮೈಗೆ ಅಂಟಿ ಕುಳಿತ ಅಣುಗಳ ಹಿಡಿತವೋ ಸಡಿಲ; ಒತ್ತಡ ಇಳಿಸಿದರೆ ಹಾರಿಹೋಗುತ್ತವೆ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಮುಂದೆ ಬೇರೆ ದಾರಿ ಹಿಡಿಯಿತು. ಪೆನ್ಸಿಲ್ಲಿನ ಗ್ರಾಫೈಟ್ ಎಂದರೆ ಇಂಗಾಲದ ಹಾಳೆಗಳ ಅಟ್ಟಿ. ಅಂಥ ಕೆಲವೇ ಹಾಳೆಗಳ ಗ್ರಾಫೀನನ್ನು ದ್ರವ ಅಮೋನಿಯದಲ್ಲಿ ಲಿಥಿಯಂನೊಡನೆ ವರ್ತಿಸುವಂತೆ ಮಾಡಿದಾಗ ಜಲಜನಕ ಇಂಗಾಲಕ್ಕೆ ರಾಸಾಯನಿಕವಾಗಿಯೇ ಬೆಸೆದುಕೊಂಡಿತು: ಶೇ. 5ರವರೆಗೆ, 2011ರ ವರದಿಯಂತೆ. ಕೋಣೆಯ ಉಷ್ಣತೆಯಲ್ಲಿ ಅದು ಭದ್ರ. 500 ಡಿಗ್ರಿಗೆ ಕಾಯಿಸಿದರೆ ಪೂರ್ತಿ ಹೊರಬರುತ್ತದೆ; ನೇರಳಾತೀತ ಕಿರಣಕ್ಕೂ ಬಿಡುಗಡೆಯಾಗುತ್ತದೆ.

ಆದರೆ ಬನಶಂಕರಿಯ ಆಟೋದಲ್ಲಿ 500 ಡಿಗ್ರಿಯ ಒಲೆ ಹೊತ್ತಿಸಲಾದೀತೆ? ಬೇಕಾದದ್ದು ಇವೆರಡರ ನಡುವಿನ ಹಿಡಿತ. ಇಂಗಾಲದ ಹಾಳೆಗೆ ಲೋಹದ ಪರಮಾಣುಗಳನ್ನು ಬೆರೆಸಿ ಅದನ್ನು ಹುಡುಕುತ್ತಿದ್ದಾರೆ.